ಘಟ್ಟವೂ ದಾರಿಯೂ: ಕನ್ನಡ ಕರಾವಳಿ ಮತ್ತು ಒಳನಾಡುಗಳ ಬಾಳಿನಲ್ಲಿ ಸಾರಿಗೆಯ ಪಾತ್ರ

ಭಾರತದಂತಹ ವಿಶಾಲ ದೇಶದ ಚರಿತ್ರೆಯನ್ನು ಬರೆಯುವವರು ರಾಜವಂಶಗಳ ಏಳುಬೀಳುಗಳಿಗೂ ಕದನಗಳಿಗೂ ಕೊಡುವಷ್ಟು ಸ್ಥಾನವನ್ನು ದಾರಿಗಳಿಗೆ ಕೊಡುವುದು ವಿರಳ. ಆದರೆ ಒಂದು ಸೀಮೆಯ ಜನ ಏನನ್ನು ಉಣ್ಣುತ್ತಿದ್ದರು, ಏನನ್ನು ಬೆಳೆದು ಯಾರಿಗೆ ಮಾರುತ್ತಿದ್ದರು, ದುಡಿಮೆಯನ್ನು ಅರಸಿ ಯಾವ ಊರಿಗೆ ಹೋಗುತ್ತಿದ್ದರು, ಬರ ಬಂದಾಗ ಉಳಿದರೋ ಅಳಿದರೋ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವವನು ಅರಮನೆಗಿಂತ ಮೊದಲು ಸುಂಕದ ಕಟ್ಟೆಯ ಬಳಿಗೆ ಹೋಗಬೇಕಾಗುತ್ತದೆ. ಭೂಮಿಯ ಉಬ್ಬುತಗ್ಗುಗಳು ಜನಜೀವನಕ್ಕೆ ಒಂದು ಎಲ್ಲೆಯನ್ನು ಹಾಕುತ್ತವೆ. ಆ ಎಲ್ಲೆಯನ್ನು ಎಲ್ಲಿ, ಯಾರಿಗಾಗಿ, ಎಷ್ಟು ವೆಚ್ಚದಲ್ಲಿ ದಾಟಬಹುದೆಂಬುದನ್ನು ಸಾರಿಗೆ ನಿರ್ಣಯಿಸುತ್ತದೆ. ಪಶ್ಚಿಮ ಘಟ್ಟದ ಇಬ್ಬದಿಯ ಕನ್ನಡನಾಡನ್ನು ಉದಾಹರಣೆಯಾಗಿಟ್ಟುಕೊಂಡು ಈ ಸಂಬಂಧವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ನೆಲದ ಸ್ವರೂಪವನ್ನು ಗಮನಿಸೋಣ. ಗಂಗಾನದಿಯ ಬಯಲಿನಲ್ಲಿ ನದಿಯೇ ದಾರಿ. ದೋಣಿಗಳು ಬಂಗಾಳದಿಂದ ಬಿಹಾರಕ್ಕೂ ಅಲ್ಲಿಂದ ಮುಂದಕ್ಕೂ ಸರಕನ್ನು ಸಾಗಿಸಬಲ್ಲವಾಗಿದ್ದುದರಿಂದ ಅಲ್ಲಿ ದೂರದ ಪಟ್ಟಣಗಳೂ ಒಂದೇ ಪೇಟೆಯ ಅಂಗಗಳಂತೆ ಬೆಳೆದುವು. ದಖ್ಖನಿನ ಸ್ಥಿತಿ ಬೇರೆ. ಕೃಷ್ಣೆ ಅರಬ್ಬೀ ಸಮುದ್ರದಿಂದ ಸುಮಾರು ೬೫ ಕಿಲೋಮೀಟರ್ ದೂರದಲ್ಲಿ ಹುಟ್ಟಿ, ಹತ್ತಿರದ ಕಡಲಿಗೆ ಬೆನ್ನುಮಾಡಿ, ಸುಮಾರು ೧೪೦೦ ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ತುಂಗೆ, ಭದ್ರೆ, ಕಾವೇರಿಗಳದೂ ಇದೇ ರೀತಿ. ಬಂಡೆಗಳಿಂದ ಕೂಡಿ, ಬೇಸಗೆಯಲ್ಲಿ ಬತ್ತುವ ಈ ನದಿಗಳು ಹೊಲಕ್ಕೆ ನೀರನ್ನು ಕೊಟ್ಟುವೇ ಹೊರತು ಸರಕಿಗೆ ದಾರಿಯನ್ನು ಕೊಡಲಿಲ್ಲ. ಪಶ್ಚಿಮಕ್ಕೆ ಹರಿಯುವ ಹೊಳೆಗಳು ಗಿಡ್ಡವಾದುವು. ಅವುಗಳಲ್ಲಿ ದೋಣಿ ಘಟ್ಟದ ಬುಡದವರೆಗೆ ಮಾತ್ರ ಹೋಗಬಲ್ಲುದು. ಶರಾವತಿಯ ದಡದ ಗೇರುಸೊಪ್ಪೆ, ನೇತ್ರಾವತಿಯ ದಡದ ಬಂಟ್ವಾಳ ಇವು ವ್ಯಾಪಾರದ ಊರುಗಳಾಗಿ ಬೆಳೆದುದಕ್ಕೆ ಇದೇ ಮುಖ್ಯ ಕಾರಣ: ದೋಣಿಯ ಸರಕು ಇಳಿದು ಎತ್ತಿನ ಬೆನ್ನೇರುವ ಎಡೆಗಳಿವು.

ಸುಮಾರು ೧೬೦೦ ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಈ ಪರ್ವತಶ್ರೇಣಿ ಮಳೆಯನ್ನೂ ಇಬ್ಭಾಗಿಸಿತು. ಕರಾವಳಿಯಲ್ಲಿ ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮಿಗಿಲಾಗಿ ಮಳೆಯಾದರೆ, ಘಟ್ಟವನ್ನು ಹತ್ತಿ ಪೂರ್ವಕ್ಕೆ ನಡೆದು ಚಿತ್ರದುರ್ಗ, ಬಳ್ಳಾರಿಗಳನ್ನು ಸೇರುವ ವೇಳೆಗೆ ಅದು ೬೦೦ ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಕೆಳಗೆ ಕುಚ್ಚಲಕ್ಕಿ, ಮೀನು, ತೆಂಗು; ಮೇಲೆ ದಕ್ಷಿಣದಲ್ಲಿ ರಾಗಿ, ಉತ್ತರದಲ್ಲಿ ಜೋಳ; ನಡುವಣ ಮಲೆನಾಡಿನಲ್ಲಿ ಅಡಕೆ, ಮೆಣಸು, ಏಲಕ್ಕಿ. ‘ಘಟ್ಟದ ಮೇಲಿನವರು’, ‘ಘಟ್ಟದ ಕೆಳಗಿನವರು’ ಎಂಬ ನಮ್ಮ ಜನರ ಮಾತು ಕೇವಲ ದಿಕ್ಕನ್ನು ಸೂಚಿಸುವುದಲ್ಲ. ಅದು ಎರಡು ಬಗೆಯ ಬಾಳುವೆಯನ್ನೇ ಸೂಚಿಸುತ್ತದೆ.

ಆದರೆ ಘಟ್ಟವು ಗೋಡೆಯಾಗಿದ್ದಿತೆಂದು ಭಾವಿಸುವುದು ಸರಿಯಲ್ಲ. ಒಂದು ಕಡೆಯಲ್ಲಿಲ್ಲದುದು ಮತ್ತೊಂದು ಕಡೆಯಲ್ಲಿ ಹೇರಳವಾಗಿದ್ದುದರಿಂದಲೇ ಅದನ್ನು ದಾಟುವ ಅಗತ್ಯ ಹುಟ್ಟಿತು. ಉಪ್ಪಿಲ್ಲದೆ ಒಳನಾಡು ಬದುಕಲಾರದು. ಗೋಕರ್ಣದ ಬಳಿಯ ಸಾಣಿಕಟ್ಟೆಯಂತಹ ಆಗರಗಳ ಉಪ್ಪು, ಒಣಮೀನು, ತೆಂಗು ಮೇಲಕ್ಕೆ ಹೋದುವು. ಮೆಣಸು, ಅಡಕೆ, ಹತ್ತಿ ಕೆಳಕ್ಕೆ ಇಳಿದುವು. ಗಾಡಿ ನಡೆಯದ ಕಣಿವೆಗಳಲ್ಲಿ ಲಂಬಾಣಿಗರ ಹೇರೆತ್ತುಗಳೇ ಸಾರಿಗೆಯ ಆಧಾರವಾಗಿದ್ದುವು. ಮಳೆಗಾಲದ ನಾಲ್ಕು ತಿಂಗಳು ಕಣಿವೆಗಳೂ ಮುಚ್ಚುತ್ತಿದ್ದುವು, ಬಂದರುಗಳೂ ಮುಚ್ಚುತ್ತಿದ್ದುವು. ಹೀಗಾಗಿ ವ್ಯಾಪಾರದ ವರ್ಷವು ಮಳೆ ನಿಂತ ಮೇಲೆ ಆರಂಭವಾಗಿ ಮತ್ತೆ ಮಳೆ ಹಿಡಿಯುವುದರೊಳಗೆ ಮುಗಿಯುತ್ತಿದ್ದಿತು.

ರಾಜ್ಯಶಕ್ತಿಯೂ ಈ ಕಣಿವೆಗಳನ್ನು ಅನುಸರಿಸಿಯೇ ರೂಪುಗೊಂಡಿತು. ವಿಜಯನಗರದ ಅರಸರಿಗೆ ಅರಬ್ಬೀ ಕುದುರೆಗಳನ್ನು ಒದಗಿಸಿದ ಬಂದರುಗಳಲ್ಲಿ ಭಟ್ಕಳ ಮುಖ್ಯವಾದುದು. ಮುಂದೆ ಕೆಳದಿಯ ನಾಯಕರು ಘಟ್ಟದ ಎರಡು ಮಗ್ಗುಲುಗಳನ್ನೂ ಹಿಡಿದು ಆಳಿದರು. ೧೬೨೩ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಇಕ್ಕೇರಿಗೆ ಹೋದುದು ಮೆಣಸಿನ ಈ ದಾರಿಯಲ್ಲಿಯೇ. ಸುಮಾರು ೧೬೪೦ರಲ್ಲಿ ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಸಾಗಿತು. ಕುಂದಾಪುರದ ಕಡೆಗೆ ಇಳಿಯುವ ಹೊಸಂಗಡಿ ಘಟ್ಟ ಅದಕ್ಕೆ ಸಮೀಪವಾಗಿದ್ದುದು ಆ ಪಟ್ಟಣದ ಏಳಿಗೆಗೆ ಬಹುಮಟ್ಟಿಗೆ ಕಾರಣವಾಯಿತು. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಗೆ ಅದರೊಡನೆ ಕಡಲಿಗೆ ಇಳಿಯುವ ಬಾಗಿಲೂ ದೊರೆಯಿತು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ವ್ಯವಸ್ಥೆ ಹೇಗೆ ಬದಲಾಯಿತೆಂಬುದನ್ನು ಹತ್ತಿಯ ಕಥೆಯಿಂದ ಸ್ಪಷ್ಟವಾಗಿ ತಿಳಿಯಬಹುದು. ಧಾರವಾಡ ಸೀಮೆಯ ಕರಿಮಣ್ಣಿನಲ್ಲಿ ಬೆಳೆದ ಹತ್ತಿ ಘಟ್ಟವಿಳಿದು ಕುಮಟೆಯಲ್ಲಿ ಹಡಗೇರುತ್ತಿದ್ದಿತು. ಈ ಕಾರಣದಿಂದ ಪರದೇಶದ ಪೇಟೆಗಳಲ್ಲಿ ಆ ಹತ್ತಿಗೆ ‘ಕುಮಟಾ’ ಎಂಬ ಹೆಸರೇ ನಿಂತಿತು. ಹತ್ತಿಯನ್ನು ಬೆಳೆಯದ ಊರೊಂದು ಹತ್ತಿಗೆ ಹೆಸರನ್ನು ಕೊಟ್ಟುದು ದಾರಿಯ ಮಹಿಮೆಯಲ್ಲದೆ ಮತ್ತೇನು? ೧೮೬೧ರಲ್ಲಿ ಅಮೆರಿಕೆಯಲ್ಲಿ ಅಂತರ್ಯುದ್ಧ ತೊಡಗಿ ಅಲ್ಲಿಯ ಹತ್ತಿ ನಿಂತುಹೋದಾಗ ಮ್ಯಾಂಚೆಸ್ಟರಿನ ಗಿರಣಿಗಾರರ ದೃಷ್ಟಿ ಧಾರವಾಡದ ಮೇಲೆ ಬಿದ್ದಿತು. ಕಾರವಾರವನ್ನು ಬಂದರಾಗಿ ಬೆಳೆಸಿ ಅಲ್ಲಿಗೆ ಗಾಡಿಯ ರಸ್ತೆಯನ್ನು ಮಾಡಬೇಕೆಂಬ ಒತ್ತಾಯ ಬಲವಾಯಿತು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆ ಹತ್ತಿ ಬೆಳೆಯುವ ನಾಡನ್ನೂ ಅದರ ಬಂದರನ್ನೂ ಒಂದೇ ಆಡಳಿತಕ್ಕೆ ಒಳಪಡಿಸುವ ಈ ಉದ್ದೇಶವೂ ಇದ್ದಿತು. ಕನ್ನಡ ಕರಾವಳಿ ಎರಡು ಪ್ರಾಂತಗಳಿಗೆ ಹರಿದುಹೋಗಿ ೧೯೫೬ರವರೆಗೆ ಹಾಗೆಯೇ ಉಳಿಯಿತು.

ಆದರೆ ಕಾರವಾರದ ಭಾಗ್ಯ ನಿಲ್ಲಲಿಲ್ಲ. ಮುಂಬಯಿಯ ಹಿಂದಿನ ಘಟ್ಟಗಳನ್ನು ರೈಲು ಮೊದಲು ಏರಿತು: ಭೋರ್ ಘಟ್ಟವನ್ನು ೧೮೬೩ರಲ್ಲಿ, ಥಲ್ ಘಟ್ಟವನ್ನು ೧೮೬೫ರಲ್ಲಿ. ೧೮೬೯ರಲ್ಲಿ ಸುಯೆಜ್ ಕಾಲುವೆ ತೆರೆಯಿತು. ಮುಂಬಯಿ ಇಡೀ ಪಶ್ಚಿಮ ಭಾರತದ ಮಹಾದ್ವಾರವಾಯಿತು. ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಗದಗು, ಹುಬ್ಬಳ್ಳಿ, ಧಾರವಾಡಗಳನ್ನು ಮುಟ್ಟಿದುವು. ಅವು ಕಡಲಿಗೆ ಇಳಿದುದು ಕಾರವಾರದಲ್ಲಲ್ಲ, ಪೋರ್ಚುಗೀಸರ ವಶದಲ್ಲಿದ್ದ ಮರ್ಮಗೋವೆಯಲ್ಲಿ. ಬ್ರಿಟಿಷರಿಗೂ ಪೋರ್ಚುಗೀಸರಿಗೂ ೧೮೭೮ರಲ್ಲಿ ಆದ ಒಪ್ಪಂದ ಇದಕ್ಕೆ ಎಡೆಮಾಡಿಕೊಟ್ಟಿತು. ಕ್ಯಾಸಲ್‌ರಾಕಿನಿಂದ ದೂಧಸಾಗರದ ಪಕ್ಕದಲ್ಲಿ ಇಳಿಯುವ ಆ ಮಾರ್ಗ ೧೮೮೮ರ ವೇಳೆಗೆ ಪೂರ್ಣಗೊಂಡಿತು. ಕುಮಟೆ, ಕಾರವಾರಗಳ ವ್ಯಾಪಾರ ಇಳಿಮುಖವಾಯಿತು. ಆ ಊರುಗಳ ಬಂದರು ಹೂಳಲಿಲ್ಲ, ಘಟ್ಟ ಎತ್ತರವಾಗಲಿಲ್ಲ. ಹೊಸ ದಾರಿ ಬೇರೆ ಕಡೆಗೆ ಹೋಯಿತು, ಅಷ್ಟೆ.

ದಾರಿಯ ಅಭಾವಕ್ಕೆ ಜನ ತೆರುವ ಬೆಲೆ ಎಷ್ಟು ಕ್ರೂರವಾಗಿರಬಲ್ಲುದೆಂಬುದನ್ನು ೧೮೭೬–೭೮ರ ಮಹಾಕ್ಷಾಮ ತೋರಿಸಿತು. ಅಂದು ಮೈಸೂರು ಸಂಸ್ಥಾನದೊಳಗಿದ್ದ ರೈಲುದಾರಿ ಬೆಂಗಳೂರನ್ನು ಮದರಾಸಿನ ಮಾರ್ಗಕ್ಕೆ ಸೇರಿಸಿ ೧೮೬೪ರಲ್ಲಿ ತೆರೆದ ಒಂದೇ ಕವಲು. ಹೊರಗಿನಿಂದ ಬಂದ ಧಾನ್ಯ ಬೆಂಗಳೂರನ್ನು ತಲಪಿತು. ಆದರೆ ಅಲ್ಲಿಂದ ಒಳಗಿನ ತಾಲ್ಲೂಕುಗಳಿಗೆ ಅದನ್ನು ಒಯ್ಯಬೇಕಾದ ಎತ್ತುಗಳು ಮೇವು ನೀರಿಲ್ಲದೆ ಸಾಯುತ್ತಿದ್ದುವು. ಅತ್ತ ಘಟ್ಟದ ಕೆಳಗೆ ಬೆಳೆ ಆ ಮಟ್ಟಿಗೆ ಕೆಟ್ಟಿರಲಿಲ್ಲ. ಕರಾವಳಿಯ ಅಕ್ಕಿ ಹಡಗಿನಲ್ಲಿ ದೂರದ ಬಂದರುಗಳಿಗೆ ಹೋಗುವುದು ಸುಲಭವಾಗಿದ್ದಿತು, ನೆತ್ತಿಯ ಮೇಲಿನ ನಾಡಿಗೆ ಏರುವುದು ಕಷ್ಟವಾಗಿದ್ದಿತು. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ೪೨ ಲಕ್ಷಕ್ಕೂ ಕೆಳಗಿಳಿಯಿತು. ಮಳೆಯ ಕೊರತೆಯೊಂದೇ ಇದಕ್ಕೆ ಕಾರಣವಲ್ಲ. ಕೊಳ್ಳುವ ಶಕ್ತಿ ಜನರಲ್ಲಿರಲಿಲ್ಲ. ಸರ್ಕಾರದ ನೆರವು ಸಾಲದಾಗಿದ್ದಿತು. ಇದ್ದ ಧಾನ್ಯವೂ ಹಸಿದವನ ಊರಿಗೆ ತಲಪುವ ಬಗೆ ಇರಲಿಲ್ಲ. ದಕ್ಷಿಣ ಭಾರತದಲ್ಲಿ ರೈಲುದಾರಿಗಳ ಹಬ್ಬುಗೆಗೆ ಈ ಕ್ಷಾಮ ಒಂದು ಪ್ರಬಲ ಪ್ರೇರಣೆಯಾಯಿತು.

ದಕ್ಷಿಣ ಕನ್ನಡದ ಅನುಭವ ಇನ್ನೊಂದು ಬಗೆಯದು. ಮಂಗಳೂರಿಗೆ ರೈಲು ಬಂದುದು ೧೯೦೭ರಲ್ಲಿ, ಅದೂ ದಕ್ಷಿಣದಿಂದ. ಪಶ್ಚಿಮ ಘಟ್ಟದಲ್ಲಿ ಸುಮಾರು ೩೦ ಕಿಲೋಮೀಟರ್ ಅಗಲದ ತೆರಪನ್ನು ಪ್ರಕೃತಿಯೇ ಬಿಟ್ಟಿರುವುದು ಪಾಲಕ್ಕಾಡಿನಲ್ಲಿ ಮಾತ್ರ. ಮದರಾಸಿನ ರೈಲು ೧೮೬೦ರ ದಶಕದ ಆರಂಭದಲ್ಲಿಯೇ ಆ ತೆರಪಿನಿಂದ ಮಲಬಾರಿಗೆ ಇಳಿದಿದ್ದಿತು; ಮಂಗಳೂರು ಆ ಮಾರ್ಗದ ಕೊನೆಯ ತುದಿಯಾಯಿತು. ಮಂಗಳೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವನು ಪಾಲಕ್ಕಾಡು, ಸೇಲಂ, ಜೋಲಾರಪೇಟೆಗಳನ್ನು ಬಳಸಿ, ನೇರದಾರಿಯ ಎರಡು ಪಟ್ಟಿಗೂ ಮಿಗಿಲಾದ ದೂರವನ್ನು ಕ್ರಮಿಸಬೇಕಾಗಿದ್ದಿತು. ಇದರಿಂದ ಕರಾವಳಿಯ ಮುಖ ಮದರಾಸಿನತ್ತಲೂ, ಕಡಲಿನ ಮೂಲಕ ಮುಂಬಯಿಯತ್ತಲೂ ತಿರುಗಿತು. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಜೆಪ್ಪುವಿನಲ್ಲಿ ತೊಡಗಿದ ಹೆಂಚಿನ ಉದ್ಯಮ ಹಬ್ಬಿದುದು ಸಮುದ್ರಮಾರ್ಗದ ಬಲದಿಂದ. ಭಾರವಾದ ಸರಕಿಗೆ ನೀರಿನ ದಾರಿಯಷ್ಟು ಅಗ್ಗವಾದುದು ಬೇರೊಂದಿರಲಿಲ್ಲ. ಮಂಜಿಗಳಲ್ಲಿಯೂ ಉಗಿಹಡಗುಗಳಲ್ಲಿಯೂ ಮುಂಬಯಿಗೆ ಹೋದ ಸಾವಿರಾರು ತರುಣರು ಅಲ್ಲಿ ಹೋಟೆಲುಗಳಲ್ಲಿ ದುಡಿದರು, ಹೋಟೆಲುಗಳನ್ನು ಕಟ್ಟಿದರು, ಊರಿಗೆ ಹಣವನ್ನು ಕಳುಹಿಸಿದರು. ಉಡುಪಿಯ ಅಡುಗೆ ದೇಶಪ್ರಸಿದ್ಧವಾದುದರ ಹಿಂದೆ ಈ ದಾರಿಯ ಚರಿತ್ರೆಯೂ ಇದೆ.

೧೯೫೬ರ ನವೆಂಬರ್ ೧ರಂದು ಘಟ್ಟದ ಮೇಲಿನ ಮತ್ತು ಕೆಳಗಿನ ಕನ್ನಡಿಗರು ಒಂದೇ ರಾಜ್ಯದ ಪ್ರಜೆಗಳಾದರು. ಆದರೆ ನಕ್ಷೆಯ ಮೇಲೆ ಗೆರೆಯನ್ನು ಅಳಿಸಿದಷ್ಟು ಬೇಗ ನೆಲದ ಮೇಲೆ ದಾರಿ ಆಗುವುದಿಲ್ಲ. ನವಮಂಗಳೂರು ೧೯೭೪ರಲ್ಲಿ ದೇಶದ ಪ್ರಮುಖ ಬಂದರುಗಳಲ್ಲಿ ಒಂದೆಂದು ಘೋಷಿತವಾಯಿತು; ಹಾಸನ–ಮಂಗಳೂರು ಮೀಟರ್ ಗೇಜ್ ಹಳಿ ೧೯೭೯ರಲ್ಲಿ ಮುಗಿಯಿತು. ಏಕೀಕರಣವಾದ ಇಪ್ಪತ್ತಮೂರು ವರ್ಷಗಳ ಮೇಲೆ ಮಂಗಳೂರು ತನ್ನ ರಾಜಧಾನಿಗೆ ನೇರವಾಗಿ ರೈಲಿನಿಂದ ಸೇರಿತು. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಸುಮಾರು ೫೫ ಕಿಲೋಮೀಟರುಗಳಲ್ಲಿ ೫೭ ಸುರಂಗಗಳಿವೆ ಎಂದರೆ ವಿಳಂಬದ ಕಾರಣ ಕೆಲಮಟ್ಟಿಗೆ ಅರ್ಥವಾಗುತ್ತದೆ. ಈ ಮಾರ್ಗವೂ ಬ್ರಾಡ್ ಗೇಜ್ ಪರಿವರ್ತನೆಗಾಗಿ ೧೯೯೬ರಲ್ಲಿ ಮುಚ್ಚಿ, ಪ್ರಯಾಣಿಕರಿಗೆ ಮತ್ತೆ ತೆರೆದುದು ೨೦೦೭ರ ಕೊನೆಯಲ್ಲಿ. ನಡುವೆ ೧೯೯೮ರ ಜನವರಿಯಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡು, ಕರಾವಳಿಯ ಊರುಗಳಿಗೆ ಮುಂಬಯಿ ಇನ್ನಷ್ಟು ಹತ್ತಿರವಾಯಿತು.

ಇಂದಿಗೂ ಈ ಸಮಸ್ಯೆ ಪರಿಹಾರವಾಗಿಲ್ಲ. ಉತ್ತರ ಕನ್ನಡದ ರೋಗಿಗಳು ಗಂಭೀರ ಚಿಕಿತ್ಸೆಗಾಗಿ ಗೋವೆಗೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಬೇಕಾಗುತ್ತದೆ. ಅವರ ಪಾಲಿಗೆ ದೂರವೆಂಬುದು ಗಂಟೆಗಳ ಲೆಕ್ಕ, ಕೆಲವೊಮ್ಮೆ ಪ್ರಾಣದ ಲೆಕ್ಕ. ಹುಬ್ಬಳ್ಳಿ–ಅಂಕೋಲಾ ರೈಲುದಾರಿಯನ್ನು ಬಯಸುವವರ ವಾದಕ್ಕೆ ಈ ಹಿನ್ನೆಲೆ ಇದೆ. ಅದು ಹಾಯಬೇಕಾದ ದಟ್ಟ ಅರಣ್ಯದ ನಾಶವನ್ನು ಮುಂದಿಟ್ಟು ಅದನ್ನು ವಿರೋಧಿಸುವವರ ವಾದವೂ ಹಗುರವಾದುದಲ್ಲ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ೨೦೨೪ರ ಜುಲೈ ೧೬ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಮಡಿದರು. ಅದೇ ತಿಂಗಳು ಸಕಲೇಶಪುರದ ಕೆಳಗಿನ ರೈಲುದಾರಿಯೂ ಕುಸಿತದಿಂದ ನಿಂತಿತು. ಬೆಟ್ಟವನ್ನು ಕಡಿದು ದೂರವನ್ನು ಗೆಲ್ಲಹೊರಟಾಗ ಬೆಟ್ಟದ ಬುಡದಲ್ಲಿ ಬಾಳುವವರ ನೆಲ ಸಡಿಲವಾಗಬಹುದು.

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ವಿದಿತವಾಗುತ್ತವೆ. ಭೂಗೋಳವೇ ಜನಜೀವನವನ್ನು ಸಂಪೂರ್ಣವಾಗಿ ವಿಧಿಸುತ್ತದೆಂಬ ಮತ ಒಪ್ಪತಕ್ಕುದಲ್ಲ. ಅದೇ ಘಟ್ಟ ಕೆಳದಿಯವರಿಗೆ ರಾಜ್ಯದ ಬೆನ್ನೆಲುಬೂ ಮುಂದಿನವರಿಗೆ ಪ್ರಾಂತದ ಗಡಿಯೂ ಆಯಿತು. ಹಾಗೆಯೇ ಸಾರಿಗೆ ದೂರವನ್ನು ಅಳಿಸುತ್ತದೆಂಬ ಮಾತೂ ಪೂರ್ಣಸತ್ಯವಲ್ಲ. ಅದು ದೂರವನ್ನು ಹೊಸದಾಗಿ ಹಂಚುತ್ತದೆ: ಮರ್ಮಗೋವೆಯನ್ನು ಹುಬ್ಬಳ್ಳಿಗೆ ಹತ್ತಿರಮಾಡುವಾಗ ಕುಮಟೆಯನ್ನು ದೂರಮಾಡುತ್ತದೆ. ದೇಶ ದೊಡ್ಡದಾದಷ್ಟೂ ಈ ಹಂಚಿಕೆಯ ನಿರ್ಧಾರಗಳು ದೂರದ ರಾಜಧಾನಿಗಳಲ್ಲಿ ನಡೆಯುತ್ತವೆ. ಅದರ ಫಲವನ್ನು ಉಣ್ಣುವವರು ಸ್ಥಳೀಯರು. ಆದುದರಿಂದ ಹೊಸ ದಾರಿಯ ಮಾತು ಬಂದಾಗಲೆಲ್ಲ ಅದು ಎಲ್ಲಿಂದ ಎಲ್ಲಿಗೆ ಎಂದು ಕೇಳಿದರೆ ಸಾಲದು. ಅದು ಯಾರ ಸರಕಿಗೆ, ಯಾರ ಊಟಕ್ಕೆ, ಯಾರ ಚಿಕಿತ್ಸೆಗೆ ಎಂಬುದನ್ನೂ, ಅದರಿಂದ ಬದಿಗೆ ಉಳಿಯುವ ಊರುಗಳು ಯಾವುವೆಂಬುದನ್ನೂ ಕೇಳಬೇಕು. ನಮ್ಮ ಜಿಲ್ಲೆಗಳ ಹಳೆಯ ಸುಂಕದ ಲೆಕ್ಕಗಳನ್ನೂ ಬಂದರಿನ ದಾಖಲೆಗಳನ್ನೂ ಈ ದೃಷ್ಟಿಯಿಂದ ಪರಿಶೀಲಿಸುವ ಕೆಲಸ ನಮ್ಮ ವಿದ್ಯಾರ್ಥಿಗಳಿಗಾಗಿ ಕಾದಿದೆ.