ಗಾಜಿನ ಮೇಲಿನ ಕೆಂಪು ಕಡ್ಡಿ

1976ರ ಜುಲೈ. ಅಮೆರಿಕಕ್ಕೆ 200 ತುಂಬಿದ ವರ್ಷ. ಫಿಲಡೆಲ್ಫಿಯಾದ ಬೆಲ್‌ವ್ಯೂ-ಸ್ಟ್ರಾಟ್‌ಫರ್ಡ್ ಹೋಟೆಲಿನ ಪಡಸಾಲೆಯ ತುಂಬ ‘ಅಮೆರಿಕನ್ ಲೀಜನ್’ ಟೋಪಿ ತೊಟ್ಟ ಮಾಜಿ ಸೈನಿಕರು. ಹೆಗಲ ಮೇಲೆ ಕೈ, ಹಳೆಯ ಯುದ್ಧದ ಮಾತು, ನಗು. ಹೊರಗೆ ಬೇಸಿಗೆ, ಒಳಗೆ ಯಂತ್ರ ತಣಿಸಿದ ಗಾಳಿ.

ನಾಲ್ಕು ದಿನ ಕಳೆದು ಊರಿಗೆ ಮರಳಿದವರು ಒಬ್ಬೊಬ್ಬರಾಗಿ ಹಾಸಿಗೆ ಹಿಡಿದರು. ಸುಡುವ ಜ್ವರ, ಒಣಕೆಮ್ಮು, ಉಸಿರಿಗೆ ಏದುವ ಎದೆ. ಪೆನ್ಸಿಲ್ವೇನಿಯಾದ ಒಂದೊಂದು ಊರಿನ ಆಸ್ಪತ್ರೆಯಲ್ಲಿ ಒಬ್ಬೊಬ್ಬ ನ್ಯುಮೋನಿಯಾ ರೋಗಿ. ಎಕ್ಸ್‌ರೇ ಹಿಡಿದು ನೋಡಿದರೆ ಎಲ್ಲ ನ್ಯುಮೋನಿಯಾದಂತೆಯೇ ಶ್ವಾಸಕೋಶದಲ್ಲಿ ಬಿಳಿ ಮಂಜು. ಅವರನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿದ್ದು ಬರಿಯ ಒಂದು ಪ್ರಶ್ನೆ: ಕಾಯಿಲೆ ಬೀಳುವ ಮುಂಚೆ ಎಲ್ಲಿದ್ದಿರಿ? ಇಂದಿಗೂ ಈ ಪ್ರಶ್ನೆಗಿಂತ ದೊಡ್ಡ ಉಪಕರಣ ನನಗೆ ಕಂಡಿಲ್ಲ.

ಶುಶ್ರೂಷೆ ಮಾಡಿದ ಹೆಂಡತಿ ಮಕ್ಕಳಿಗೆ ಅದು ಅಂಟಲಿಲ್ಲ. ಹೋಟೆಲಿನೊಳಗೆ ಕಾಲಿಡದೆ, ಪಕ್ಕದ ಬ್ರಾಡ್ ಸ್ಟ್ರೀಟಿನಲ್ಲಿ ಹಾದುಹೋದ ಕೆಲವರು ಮಾತ್ರ ಮಲಗಿದರು. ಒಟ್ಟು 221 ಮಂದಿ. ಅವರಲ್ಲಿ 34 ಮಂದಿ ಏಳಲಿಲ್ಲ.

ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರದಲ್ಲಿ ಜೋಸೆಫ್ ಮೆಕ್‌ಡೇಡ್ ಸತ್ತವರ ಶ್ವಾಸಕೋಶದ ತುಣುಕನ್ನು ಗಿನಿಪಿಗ್‌ಗಳಿಗೆ ಚುಚ್ಚಿ ನೋಡಿದ್ದರು. ಆಗಸ್ಟಿನಲ್ಲೇ ಎಲ್ಲೋ ಒಂದೆರಡು ಕಡ್ಡಿಯಾಕಾರದ ಜೀವಾಣು ಕಂಡಿದ್ದವು. ಹೊರಗಿನಿಂದ ಸೇರಿದ ಕಸವಿರಬೇಕು ಎಂದು ಬದಿಗಿಟ್ಟರು. ಹೋಟೆಲು ಬಾಗಿಲು ಹಾಕಿತು. ಡಿಸೆಂಬರ್ ಬಂತು. ಕ್ರಿಸ್‌ಮಸ್‌ಗೂ ಹೊಸ ವರ್ಷಕ್ಕೂ ನಡುವಿನ ಆ ನಿಶ್ಶಬ್ದ ದಿನಗಳಲ್ಲಿ ಅವರು ಹಳೆಯ ಸ್ಲೈಡುಗಳನ್ನೇ ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟರು. ಹಸಿರು ಹಿನ್ನೆಲೆಯಲ್ಲಿ ಅಂಗುಲ ಅಂಗುಲ ಹುಡುಕುತ್ತ ಹೋದಂತೆ, ಒಂದೆಡೆ ಗುಂಪಾಗಿ ನಿಂತ ಕೆಂಪು ಕಡ್ಡಿಗಳು!

ಆಮೇಲೆ ಅವನ್ನು ಕೋಳಿಮೊಟ್ಟೆಯೊಳಗೆ ಬೆಳೆಸಿ, ಬದುಕುಳಿದವರ ಸೀರಂ ಬೆರೆಸಿದರು. ಅವರ ರಕ್ತ ಆ ಶತ್ರುವನ್ನು ಗುರುತು ಹಿಡಿಯಿತು. 1977ರ ಜನವರಿ 18ರಂದು ಜಗತ್ತಿಗೆ ಸುದ್ದಿ ಹೋಯಿತು.

ಅದೇ ಕೇಂದ್ರದ ಶೈತ್ಯಾಗಾರದಲ್ಲಿ ಹಳೆಯ ಸೀಸೆಗಳಿದ್ದವು. 1965ರಲ್ಲಿ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಮನೋರೋಗಿಗಳ ಆಸ್ಪತ್ರೆಯಲ್ಲಿ 81 ಮಂದಿ ಕಾರಣ ತಿಳಿಯದ ನ್ಯುಮೋನಿಯಾದಿಂದ ನರಳಿದ್ದರು. ಆಗ ತೆಗೆದ ರಕ್ತದ ಸೀರಂ ಅದು. ಯಾರೋ ಪುಣ್ಯಾತ್ಮರು ಚೆಲ್ಲದೆ, ಚೀಟಿ ಅಂಟಿಸಿ ಇಟ್ಟಿದ್ದರು. ಮಂಜು ಕರಗಿಸಿ ಪರೀಕ್ಷಿಸಿದರು. ಹನ್ನೆರಡನೆಯ ವರ್ಷಕ್ಕೆ, ಆ ರೋಗಿಗಳ ಕಾಯಿಲೆಗೂ ಒಂದು ಹೆಸರು ಸಿಕ್ಕಿತು.