ಬೇಲಿ ಹೊಲವನ್ನು ಮೇಯದಂತೆ

ರೋಗನಿರೋಧಕ ಶಕ್ತಿ ಎಂಬುದು ಈಗ ಮನೆಮಾತಾಗಿದೆ. ಕಷಾಯದ ಪೊಟ್ಟಣದಿಂದ ಬಿಸ್ಕತ್ತಿನ ಡಬ್ಬಿಯವರೆಗೆ ಎಲ್ಲದರ ಮೇಲೂ ಆ ಶಕ್ತಿಯನ್ನು ಹೆಚ್ಚಿಸುವ ಭರವಸೆ ಅಚ್ಚಾಗಿರುತ್ತದೆ. ಹೆಚ್ಚಿದಷ್ಟೂ ಒಳ್ಳೆಯದೆಂದು ನಾವೂ ನಂಬಿದ್ದೇವೆ. ಆದರೆ ಆ ಶಕ್ತಿಗೆ ಕಡಿವಾಣವೇ ಇಲ್ಲದೆ ಹೋದರೆ ಏನಾಗುವುದೆಂದು ತೋರಿಸುವ ಕಾಯಿಲೆಯೊಂದುಂಟು. ಅದು ಬಹು ಅಪರೂಪದ್ದು, ಬರುವುದು ಗಂಡುಕೂಸುಗಳಿಗೆ.

ರಕ್ತದ ಬಿಳಿಯ ಕಣಗಳಲ್ಲಿ ಟಿ-ಕಣಗಳೆಂಬ ಒಂದು ವರ್ಗವಿದೆ. ಎದೆಮೂಳೆಯ ಹಿಂದೆ, ಹೃದಯಕ್ಕಿಂತ ತುಸು ಮೇಲಿರುವ ಥೈಮಸ್ ಗ್ರಂಥಿಯೇ ಇವುಗಳ ಗುರುಕುಲ. ಶತ್ರುವನ್ನು ಹಿಡಿಯಲು ಒಂದೊಂದು ಕಣಕ್ಕೂ ಒಂದೊಂದು ಬಗೆಯ ಕೊಂಡಿ. ಈ ಕೊಂಡಿಗಳು ಲೆಕ್ಕವಿಲ್ಲದಷ್ಟು ವಿಧವಾಗಿ ತಯಾರಾಗುವುದರಿಂದ, ಕೆಲವು ಕಣಗಳು ನಮ್ಮದೇ ಚರ್ಮವನ್ನೋ ಕರುಳನ್ನೋ ಶತ್ರುವೆಂದು ಬಗೆಯುತ್ತವೆ. ಅಂಥವನ್ನು ಥೈಮಸ್ ಅಲ್ಲಿಯೇ ಕೊನೆಗಾಣಿಸುತ್ತದೆ. ಆದರೆ ಯಾವ ಪರೀಕ್ಷೆಯಲ್ಲಿ ತಾನೆ ಎಲ್ಲ ದಡ್ಡರೂ ಸಿಕ್ಕಿಬೀಳುತ್ತಾರೆ? ಕೆಲವು ನುಸುಳಿಕೊಂಡು ಹೊರಬರುತ್ತವೆ. ಅವು ನಮ್ಮೆಲ್ಲರ ಮೈಯಲ್ಲೂ ಇವೆ. ಆದರೂ ನಮ್ಮಲ್ಲಿ ಬಹುಮಂದಿ ಆರೋಗ್ಯವಾಗಿಯೇ ಇದ್ದೇವೆ. ಅವನ್ನು ತಡೆದು ನಿಲ್ಲಿಸಿರುವವರು ಯಾರು?

ಈ ಪ್ರಶ್ನೆಯ ಬೆನ್ನುಹತ್ತಿದವರು ಜಪಾನಿನ ಷಿಮೊನ್ ಸಕಾಗುಚಿ. ಹುಟ್ಟಿದ ಮೂರನೆಯ ದಿನ ಇಲಿಮರಿಯ ಥೈಮಸನ್ನು ತೆಗೆದುಹಾಕಿದರೆ ಅದರ ರಕ್ಷಣಾಶಕ್ತಿ ಕುಗ್ಗಬೇಕಲ್ಲವೆ? ಹಾಗಾಗದೆ, ಆ ಶಕ್ತಿ ಕೆರಳಿ ಇಲಿಯ ಅವಯವಗಳ ಮೇಲೆಯೇ ಬೀಳುತ್ತಿತ್ತು. ಆರೋಗ್ಯವಾದ ಇಲಿಯ ಟಿ-ಕಣಗಳನ್ನು ಅದಕ್ಕೆ ಕೊಟ್ಟರೆ ಕಾಯಿಲೆ ನಿಲ್ಲುತ್ತಿತ್ತು. ಅಂದಮೇಲೆ ಟಿ-ಕಣಗಳಲ್ಲಿಯೇ ಜಗಳ ಬಿಡಿಸುವ ಹಿರಿಯರ ಪಂಗಡವೊಂದು ಇರಲೇಬೇಕೆಂದು ಅವರು ತರ್ಕಿಸಿದರು. ಇಂಥ ಕಣಗಳುಂಟೆಂಬ ವಾದವನ್ನು ಆಗ ವಿದ್ವಾಂಸರಲ್ಲಿ ಹೆಚ್ಚಿನವರು ಕೈಬಿಟ್ಟಿದ್ದರು. ಸಕಾಗುಚಿ ಬಿಡಲಿಲ್ಲ. ಹತ್ತು ವರ್ಷಗಳಿಗೂ ಮಿಕ್ಕ ದುಡಿಮೆಯ ಬಳಿಕ, 1995ರಲ್ಲಿ, ಆ ಪಂಗಡದ ಗುರುತನ್ನು ಹಿಡಿದುಕೊಟ್ಟರು. ಇವನ್ನು ನಿಯಂತ್ರಕ ಟಿ-ಕಣಗಳೆನ್ನುತ್ತಾರೆ.

ಇನ್ನೊಂದು ಎಳೆ ಅಮೆರಿಕದ್ದು. ಟೆನೆಸಿ ಪ್ರಾಂತದ ಓಕ್ ರಿಜ್‌ನಲ್ಲಿ ಅಣುವಿಕಿರಣದ ಪರಿಣಾಮವನ್ನು ಅರಿಯಲು ಇಲಿಗಳನ್ನು ಸಾಕಿದ್ದರು. 1949ರಲ್ಲಿ ಅಲ್ಲಿ ವಿಚಿತ್ರವಾದ ಗಂಡುಮರಿಗಳು ಹುಟ್ಟಿದವು. ಚರ್ಮ ಹೊಟ್ಟೆದ್ದು ಉದುರುತ್ತಿತ್ತು, ಗುಲ್ಮ ಊದಿಕೊಳ್ಳುತ್ತಿತ್ತು. ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ಹೊಟ್ಟುಚರ್ಮದ ಈ ಇಲಿಗೆ 'ಸ್ಕರ್ಫಿ' ಎಂದು ಹೆಸರಿಟ್ಟು ಆ ತಳಿಯನ್ನು ಕಾಪಾಡಿಕೊಂಡು ಬಂದರು. ಯಾವ ಉಪಯೋಗಕ್ಕೆಂದು ಆಗ ಯಾರಿಗೂ ತಿಳಿದಿರಲಿಲ್ಲ.

ಸುಮಾರು ಐವತ್ತು ವರ್ಷಗಳ ಮೇಲೆ, ವಾಷಿಂಗ್ಟನ್ ಪ್ರಾಂತದ ಔಷಧ ಕಂಪನಿಯೊಂದರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಆ ಇಲಿಯನ್ನು ಕೈಗೆತ್ತಿಕೊಂಡರು. ದೋಷವಿದ್ದದ್ದು ಎಕ್ಸ್ ವರ್ಣತಂತುವಿನಲ್ಲಿ. ಕೋಟಿಗಟ್ಟಲೆ ಅಕ್ಷರಗಳ ಆ ಗ್ರಂಥದಲ್ಲಿ ಐದು ಲಕ್ಷದಷ್ಟರ ಒಂದು ತುಣುಕಿಗೆ ಹುಡುಕಾಟವನ್ನು ಇಳಿಸಿದರು. ಅದರಲ್ಲಿ ಅನುಮಾನಿಸಬೇಕಾದ ಜೀನುಗಳು ಇಪ್ಪತ್ತು. ಒಂದೊಂದನ್ನಾಗಿ ನೋಡುತ್ತ ಹೋದರು, ಹತ್ತೊಂಬತ್ತೂ ನಿರ್ದೋಷಿಗಳು! ಕಳ್ಳ ಸಿಕ್ಕಿದ್ದು ಇಪ್ಪತ್ತನೆಯದರಲ್ಲಿ: ಎರಡು ಅಕ್ಷರಗಳು ಹೆಚ್ಚಾಗಿ ಸೇರಿ ಮುಂದಿನ ಪಾಠವೆಲ್ಲ ಕೆಟ್ಟಿತ್ತು. ಆ ಜೀನಿಗೆ ಫಾಕ್ಸ್‌ಪಿ3 ಎಂದು ಹೆಸರಾಯಿತು. ನರಿಗೂ ಇದಕ್ಕೂ ಸಂಬಂಧವಿಲ್ಲ. ಈ ಜೀನುಗಳ ಮನೆತನಕ್ಕೆ, ಕವಲೊಡೆದ ತಲೆಯ ಒಂದು ಹಣ್ಣಿನ ನೊಣದಿಂದ ಬಂದ ಹೆಸರದು. 2001ರಲ್ಲಿ ಇವರೇ, ಐಪೆಕ್ಸ್ ಎಂಬ ಕಾಯಿಲೆಯಿದ್ದ ಗಂಡುಮಕ್ಕಳಲ್ಲೂ ಇದೇ ಜೀನು ಕೆಟ್ಟಿರುವುದನ್ನು ತೋರಿಸಿದರು. ನಿಯಂತ್ರಕ ಕಣಗಳನ್ನು ರೂಪಿಸುವುದು ಈ ಜೀನೇ ಎಂಬುದು 2003ರಲ್ಲಿ ಖಚಿತವಾಗಿ, ಜಪಾನಿನ ಎಳೆ ಅಮೆರಿಕದ ಎಳೆಗೆ ಗಂಟುಬಿದ್ದಿತು. 2025ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಈ ಮೂವರಿಗೆ ಸಂದಿತು. ಸ್ವೀಡನ್ನಿನ ಕರೆಯನ್ನು ಬ್ರಂಕೋ ಅವರು ಯಾವುದೋ ಬೇಡದ ಕರೆಯೆಂದು ಎತ್ತಲೇ ಇಲ್ಲವಂತೆ.

ಈ ಹಿರಿಯ ಕಣಗಳ ಕೆಲಸದ ಬಗೆಗಳು ಹಲವು. ಒಂದನ್ನು ಮಾತ್ರ ಹೇಳುತ್ತೇವೆ. ಟಿ-ಕಣಗಳು ಬೆಳೆದು ಹೆಚ್ಚಲು ಅನ್ನದಂತೆ ಬೇಕಾದ ಒಂದು ರಸವಿದೆ. ನಿಯಂತ್ರಕ ಕಣಗಳು ಅದನ್ನು ತಾವೇ ಹೀರಿಕೊಂಡುಬಿಡುತ್ತವೆ. ಕೆರಳಿದವು ಹಸಿದು ಸುಮ್ಮನಾಗುತ್ತವೆ. ಇದಕ್ಕೆ ಇನ್ನೊಂದು ಮುಖವೂ ಉಂಟು. ಕ್ಯಾನ್ಸರ್ ಗಡ್ಡೆಗಳ ಸುತ್ತ ಇವೇ ಕಣಗಳು ನೆರೆದು, ಗಡ್ಡೆಯನ್ನು ಕೊಲ್ಲಬಂದವನ್ನು ತಡೆದು ನಿಲ್ಲಿಸುತ್ತವೆ. ಅಲ್ಲಿ ಇವನ್ನು ತಗ್ಗಿಸಲು, ಬೇರೆ ಕಾಯಿಲೆಗಳಲ್ಲಿ ಹೆಚ್ಚಿಸಲು ಪ್ರಯೋಗಗಳು ನಡೆದಿವೆ.

ಕೂಸುಗಳ ವಿಚಾರಕ್ಕೆ ಬರೋಣ. ಐಪೆಕ್ಸ್ ಇರುವ ಮಗುವಿಗೆ ಹುಟ್ಟಿದ ಮೊದಲ ತಿಂಗಳುಗಳಲ್ಲೇ ನಿಲ್ಲದ ಭೇದಿ, ಮೈಮೇಲೆ ಇಸುಬು, ಹಾಲು ಕುಡಿಯುವ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು. ಇಂಥದನ್ನು ಕಂಡಾಗ ಬಾಲಗ್ರಹವೆಂದೋ, ತಾಯಿಯ ಹಾಲು ಸರಿಯಿಲ್ಲವೆಂದೋ ಹೇಳುವವರಿಗೆ ಕಡಮೆಯಿಲ್ಲ. ತಾಯಿಯ ಊಟವಾಗಲಿ ಹಾಲಾಗಲಿ ಇದಕ್ಕೆ ಕಾರಣವಲ್ಲ. ಹೆಂಗಸಿಗೆ ಎಕ್ಸ್ ವರ್ಣತಂತು ಎರಡು. ಒಂದರಲ್ಲಿ ದೋಷವಿದ್ದರೂ, ಒಳ್ಳೆಯದನ್ನು ಬಳಸುವ ನಿಯಂತ್ರಕ ಕಣಗಳು ಉಳಿದು ಅವಳನ್ನು ಕಾಯುತ್ತವೆ. ಆದ್ದರಿಂದ ತನ್ನಲ್ಲಿ ಅದಿದೆಯೆಂದು ಅವಳಿಗೂ ತಿಳಿದಿರುವುದಿಲ್ಲ. ಗಂಡಿಗೆ ಇರುವುದೊಂದೇ. ಅಂಥ ತಾಯಿಯ ಪ್ರತಿಯೊಂದು ಗಂಡುಮಗುವಿಗೂ ಕಾಯಿಲೆ ಬರುವ ಸಂಭವ ಅರ್ಧಕ್ಕರ್ಧ. ಹೆಣ್ಣುಮಗು ತಾಯಿಯಂತೆ ದೋಷವನ್ನು ಹೊತ್ತು ಸಾಗುವ ಸಂಭವವೂ ಅಷ್ಟೆ.

ಚಿಕಿತ್ಸೆಯಿಲ್ಲವೆಂದಲ್ಲ. ರಕ್ಷಣಾಶಕ್ತಿಯನ್ನು ತಗ್ಗಿಸುವ ಔಷಧಿಗಳಿಂದ ಕೂಸನ್ನು ಹಿಡಿದು ನಿಲ್ಲಿಸಿ, ಹೊಂದುವ ದಾನಿಯ ಅಸ್ಥಿಮಜ್ಜೆಯನ್ನು ಕಸಿಮಾಡುತ್ತಾರೆ. ಅವಯವಗಳು ಕೆಡುವ ಮೊದಲೇ ಅದು ಆಗಬೇಕು. ನಮ್ಮ ದೇಶಕ್ಕೂ ಈ ಕಸಿ ಹೊಸತಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿಯೇ, ರಕ್ತದ ಕ್ಯಾನ್ಸರಿಗಾಗಿ, ಇದು ನಡೆದಿತ್ತು. ತಡವಾಗುವುದು ಹೆಚ್ಚಾಗಿ ಕಾಯಿಲೆಯ ಗುರುತು ಹತ್ತುವುದರಲ್ಲಿ.

ಆಗ ವೈದ್ಯರು ಕೇಳುವ ಒಂದು ಪ್ರಶ್ನೆಯೆಂದರೆ, ತಾಯಿಯ ಕಡೆಯಲ್ಲಿ ಗಂಡುಕೂಸುಗಳು ತೀರಿಕೊಂಡದ್ದುಂಟೆ ಎಂಬುದು. ಪುಣೆಯಲ್ಲೋ ದಿಲ್ಲಿಯಲ್ಲೋ ಹುಟ್ಟಿ ಬೆಳೆದ ನಮ್ಮ ಹುಡುಗಿಗೆ ಅದು ಹೇಗೆ ತಿಳಿಯಬೇಕು? ಬಲ್ಲವರು ಊರಿನಲ್ಲಿರುವ ಅಜ್ಜಿ, ದೊಡ್ಡಮ್ಮಂದಿರು. ಹೋದ ಕೂಸುಗಳ ಮಾತೆತ್ತುವುದು ಅಶುಭವೆಂದು ಅವರು ಅದನ್ನು ಮಕ್ಕಳಿಗೂ ಹೇಳಿರುವುದಿಲ್ಲ. "ಅದೆಲ್ಲ ಈಗ ಯಾಕವ್ವಾ?" ಎಂದು ಮಾತು ಮರೆಸಿದರೂ ಬಿಡದೆ, ಹೋದದ್ದು ಅಕ್ಕನ ಮಗುವೋ ತಂಗಿಯ ಮಗುವೋ, ಎಷ್ಟು ತಿಂಗಳಿನದು, ಭೇದಿಯಿತ್ತೆ, ಮೈಮೇಲೆ ಏನಾದರೂ ಎದ್ದಿತ್ತೆ ಎಂದು ಕೇಳಿ ಬರೆದುಕೊಂಡು ವೈದ್ಯರಿಗೆ ಕೊಡಬೇಕು. ಯಾವ ಜೀನನ್ನು ಪರೀಕ್ಷೆಗೆ ಕಳುಹಿಸಬೇಕೆಂಬುದು ಅವರಿಗೆ ಅದರಿಂದ ಬೇಗ ಹೊಳೆಯುತ್ತದೆ.