ನಿಂತ ಕಾರಿನ ನೀರಡಿಕೆ

ಭಾರತದ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಬಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನವು ವಿಂಟೇಜ್ ಎನಿಸಿಕೊಳ್ಳುತ್ತದೆ. ತಯಾರಿಕೆ ನಿಂತುಹೋದ ಮೇಲೂ ಅಭಿಮಾನಿಗಳು ಜತನದಿಂದ ಉಳಿಸಿಕೊಂಡ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಯಂಥವನ್ನು ಆಡುಮಾತಿನಲ್ಲಿ ಕ್ಲಾಸಿಕ್ ಕಾರು ಎನ್ನುವುದುಂಟು. ವ್ಯಾಖ್ಯೆಗೆ ಇಷ್ಟು ಸಾಕು. ಗಮನಿಸಬೇಕಾದದ್ದು ಅದೇ ನಿಯಮದ ಇನ್ನೊಂದು ಮಾತನ್ನು: ವಿಂಟೇಜ್ ಎಂದು ನೋಂದಾಯಿತವಾದ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಮತ್ತು ದುರಸ್ತಿಯಂಥ ಕಾರಣಗಳಿಗಷ್ಟೇ ರಸ್ತೆಗಿಳಿಸಬಹುದು, ದಿನಬಳಕೆಗೆ ಓಡಿಸುವಂತಿಲ್ಲ. ಹಾಗಾಗಿ ಹಳೆಯ ಕಾರು ತನ್ನ ಆಯುಷ್ಯದ ಬಹುಪಾಲನ್ನು ನಿಂತೇ ಕಳೆಯುತ್ತದೆ, ಮತ್ತು ಅದರ ನಿರ್ವಹಣೆಯಲ್ಲಿ ಬೇಸರ ತರಿಸುವ ಕೆಲಸಗಳಲ್ಲಿ ಹೆಚ್ಚಿನವು ಓಟದಿಂದಲ್ಲ, ಈ ನಿಲುಗಡೆಯಿಂದ ಹುಟ್ಟಿದಂಥವು.

ಇದನ್ನು ಅರಿಯಲು ಗುಜರಾತಿನಷ್ಟು ತಕ್ಕ ನೆಲ ಬೇರೆ ಸಿಗುವುದು ಕಷ್ಟ. ಮುಂದೆ ಅಂಬಾಸಡರ್ ತಯಾರಿಸಿದ ಹಿಂದುಸ್ತಾನ್ ಮೋಟಾರ್ಸ್ 1942ರಲ್ಲಿ ಆರಂಭವಾದದ್ದು ಅಂದಿನ ಬರೋಡಾ ಸಂಸ್ಥಾನದ ಓಖಾ ಬಂದರಿನಲ್ಲಿ. ಅಹಮದಾಬಾದಿನ ಕಠವಾಡಾದ ಬಳಿ ಪ್ರಾಣಲಾಲ್ ಭೋಗಿಲಾಲ್ ಅವರು ಕೂಡಿಹಾಕಿದ 100ಕ್ಕೂ ಹೆಚ್ಚು ಕಾರುಗಳ ಆಟೋ ವರ್ಲ್ಡ್ ಸಂಗ್ರಹಾಲಯವಿದೆ. 2023ರ ಜನವರಿಯಲ್ಲಿ ವಡೋದರಾದ ಲಕ್ಷ್ಮೀ ವಿಲಾಸ ಅರಮನೆಯ ಹುಲ್ಲುಹಾಸಿನ ಮೇಲೆ ರಾಜಮಹಾರಾಜರ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಹೊಳೆಯುವ ಬಾನೆಟ್ಟನ್ನು ನೋಡಿ ಬೆರಗಾಗುವವರಿಗೆ ಕಾರಿನಡಿ ಮಲಗಿ ಮುಖಕ್ಕೆ ತುಕ್ಕಿನ ಪುಡಿ ಸುರಿಸಿಕೊಂಡವರ ನೆನಪು ಬರುವುದಿಲ್ಲ. ಗ್ರೀಸ್ ನಿಪ್ಪಲ್ಲುಗಳ ಒಣಗಿದ ಮಣ್ಣನ್ನು ಕೆರೆದು ಹೊಸ ಗ್ರೀಸ್ ಒತ್ತುವುದು, ರೇಡಿಯೇಟರಿನ ಕೆಸರು ತೊಳೆಯುವುದು, ಪೆಟ್ರೋಲ್ ಆರಿ ಅಂಟಾದ ಕಾರ್ಬುರೇಟರನ್ನು ಬಿಚ್ಚಿ ಜೆಟ್ಟುಗಳನ್ನು ಊದುವುದು, ಇವೆಲ್ಲ ಬೇಸರದ ಕೆಲಸಗಳೇ. ಆದರೆ ಇವುಗಳಲ್ಲಿ ತಪ್ಪಾದರೆ ಕಾರು ಹೊರಡುವುದಿಲ್ಲ ಅಥವಾ ನಡುದಾರಿಯಲ್ಲಿ ನಿಲ್ಲುತ್ತದೆ, ಅಷ್ಟೆ. ತಪ್ಪಾದರೆ ಕಾರು ನಿಲ್ಲದೇ ಹೋಗುವ ಕೆಲಸ ಒಂದಿದೆ. ಅದು ಬ್ರೇಕ್ ಆಯಿಲ್ ಬದಲಾಯಿಸುವುದು.

ಸಾಮಾನ್ಯರು ಎಡವುವುದು ಆ ಹೆಸರಿನಲ್ಲೇ. ಬ್ರೇಕ್ ಆಯಿಲ್ ಎಣ್ಣೆಯಲ್ಲ. ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಹುಟ್ಟಿದ ಒತ್ತಡವನ್ನು ಕೊಳವೆಗಳ ಮೂಲಕ ಪ್ರತಿ ಚಕ್ರದ ಸಿಲಿಂಡರಿಗೆ ಸಾಗಿಸಿ, ಬ್ರೇಕ್ ಶೂಗಳನ್ನು ಡ್ರಮ್ಮಿನ ಒಳಗೋಡೆಗೆ ಒತ್ತುವ ಈ ದ್ರವ, ಇಂದು ಗ್ಲೈಕಾಲ್ ಜಾತಿಯ ರಾಸಾಯನಿಕಗಳಿಂದ ತಯಾರಾಗುತ್ತದೆ. ಒಂದು ಲೋಟ ನೀರಿಗೆ ಎಂಜಿನ್ ಆಯಿಲಿನ ಹನಿ ಬಿದ್ದರೆ ತೇಲುತ್ತದೆ. ಬ್ರೇಕ್ ಆಯಿಲಿನ ಹನಿಯಾದರೋ ಸಕ್ಕರೆಯಂತೆ ಕರಗಿ ಕಾಣದಾಗುತ್ತದೆ. ಬಣ್ಣದ ಮೇಲೆ ಚೆಲ್ಲಿದರೆ ಬಣ್ಣವನ್ನೇ ಕಿತ್ತುಹಾಕುವ ಈ ದ್ರವವನ್ನು ತಕ್ಷಣ ಬರೀ ನೀರಿನಿಂದ ತೊಳೆದು ಕಾರನ್ನು ಉಳಿಸಿಕೊಳ್ಳಬಹುದಾದದ್ದೂ ಇದೇ ಗುಣದಿಂದ.

ಈ ನೀರಿನ ನಂಟೇ ಮುಂದಿನ ತೊಂದರೆಗೆಲ್ಲ ಮೂಲ. ಸಮುದ್ರಕ್ಕೆ ಹತ್ತಿರವಿರುವ ಸೂರತ್ತಿನಲ್ಲಿ, ವರಾಛಾದಂಥ ಒತ್ತಾದ ಬಡಾವಣೆಯ ಕಟ್ಟಡದಡಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊದಿಕೆ ಹೊದ್ದು ನಿಂತ ಕಾರನ್ನು ಊಹಿಸಿಕೊಂಡರೆ, ಅದರ ಮೇಲೆ ಒಂದು ಹನಿ ಮಳೆ ಬೀಳದಿದ್ದರೂ ಬ್ರೇಕಿನ ದ್ರವ ನೀರು ಕುಡಿಯುತ್ತಲೇ ಇರುತ್ತದೆ. ದ್ರವ ತುಂಬಿಡುವ ಡಬ್ಬಿಯ ಮುಚ್ಚಳದಲ್ಲಿರುವ ಗಾಳಿಕಂಡಿಯಿಂದಲೂ, ರಬ್ಬರ್ ಕೊಳವೆಯ ಗೋಡೆಯ ಮೂಲಕವೂ ತೇವ ಒಳಸೇರುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ದ್ರವ 205 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕುದಿಯಬಾರದೆಂಬುದು ಮಾನದಂಡ. ಅದರಲ್ಲಿ ಶೇಕಡಾ 3.7ರಷ್ಟು ನೀರು ಬೆರೆತರೆ ಸಾಕು, ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಇಂಥ ಕಾರು ವರ್ಷಕ್ಕೊಮ್ಮೆ ಹುಮ್ಮಸ್ಸಿನಿಂದ ಹೊರಟು ಸಾಪುತಾರಾ ಘಾಟನ್ನು ಇಳಿಯುವಾಗ, ತಿರುವುತಿರುವಿಗೂ ತುಳಿದ ಬ್ರೇಕು ಕಾದು, ದ್ರವದೊಳಗಿನ ನೀರು ಆವಿಯ ಗುಳ್ಳೆಯಾಗುತ್ತದೆ. ದ್ರವವನ್ನು ಹಿಂಡಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಆದ್ದರಿಂದ ಪೆಡಲು ಹತ್ತಿಯ ಮೂಟೆ ತುಳಿದಂತೆ ಮೆತ್ತಗೆ ನೆಲ ಮುಟ್ಟುತ್ತದೆ, ಚಕ್ರಕ್ಕೆ ಸುದ್ದಿಯೇ ತಲುಪುವುದಿಲ್ಲ. ಗುಳ್ಳೆ ಆರಿದ ಮೇಲೆ ಬ್ರೇಕು ಏನೂ ಆಗದಂತೆ ಮರಳಿ ಹಿಡಿಯುವುದರಿಂದ, ಗ್ಯಾರೇಜಿನಲ್ಲಿ ಪರೀಕ್ಷಿಸಿದಾಗ ದೋಷವೇ ಕಾಣದೆ ಚಾಲಕನ ಮಾತನ್ನು ಯಾರೂ ನಂಬದಿರುವುದೂ ಉಂಟು.

ಓಡದೆ ನಿಂತೇ ಇದ್ದರೆ ಕಾಟ ಬೇರೆ ಬಗೆಯದು. ಬೀಡುಕಬ್ಬಿಣದ ವೀಲ್ ಸಿಲಿಂಡರಿನ ನುಣುಪು ಗೋಡೆಯನ್ನು ನೀರು ತಿಂದು, ಸಿಡುಬಿನ ಕಲೆಯಂತೆ ಕುಳಿ ಮೂಡಿಸುತ್ತದೆ. ಪೆಡಲು ತುಳಿದಾಗಲೆಲ್ಲ ಒಳಗಿನ ರಬ್ಬರ್ ಕಪ್ಪಿನ ಅಂಚು ಆ ಕುಳಿಗಳ ಮೇಲೆ ಉಜ್ಜಿ ಹರಿಯುತ್ತದೆ. ಆಗ ದ್ರವ ಸೋರಿ ಶೂಗಳು ನೆನೆಯುತ್ತವೆ, ಇಲ್ಲವೇ ಪಿಸ್ಟನ್ ಕಚ್ಚಿಕೊಂಡು ಚಕ್ರ ತಿರುಗದಂತಾಗುತ್ತದೆ.

ಇಲ್ಲಿ ಚರಿತ್ರೆಯ ಒಂದು ರುಚಿಕರ ಎಳೆಯನ್ನು ಬಿಡಲಾಗದು. ಮ್ಯಾಲ್ಕಮ್ ಲಾಕ್‌ಹೀಡ್ ರೂಪಿಸಿದ ದ್ರವಚಾಲಿತ ಬ್ರೇಕು 1920ರ ದಶಕದಲ್ಲಿ ಕಾರುಗಳಿಗೆ ಬಂದ ಮೇಲೆ, ಬಹುಕಾಲ ಬಳಕೆಯಲ್ಲಿದ್ದ ಬ್ರೇಕ್ ದ್ರವವೆಂದರೆ ಹರಳೆಣ್ಣೆಗೆ ಆಲ್ಕೊಹಾಲ್ ಬೆರೆಸಿದ ಮಿಶ್ರಣ. ಹರಳೆಣ್ಣೆಯ ಮುಖ್ಯ ಕೊಬ್ಬಿನಾಮ್ಲದ ಅಣುವಿನಲ್ಲಿ ಆಮ್ಲಜನಕ ಮತ್ತು ಜಲಜನಕ ಕೂಡಿದ ಒಂದು ಹೆಚ್ಚುವರಿ ಗುಂಪಿರುವುದರಿಂದ ಅದು ಆಲ್ಕೊಹಾಲಿನಲ್ಲಿ ಸಲೀಸಾಗಿ ಕರಗುತ್ತದೆ, ನೈಸರ್ಗಿಕ ರಬ್ಬರನ್ನೂ ಕೆಡಿಸುವುದಿಲ್ಲ. ಖನಿಜತೈಲವಾದರೆ ಅದೇ ರಬ್ಬರನ್ನು ನೆನೆಸಿಟ್ಟ ಕಡಲೆಯಂತೆ ಉಬ್ಬಿಸುತ್ತದೆ. ಎಲ್ಲ ಎಣ್ಣೆಯೂ ಒಂದೇ ಎಂದು ಬ್ರೇಕಿನ ಡಬ್ಬಿಗೆ ಎಂಜಿನ್ ಆಯಿಲ್ ಸುರಿದವರ ಕಾರಿನಲ್ಲಿ ಒಂದೊಂದು ಕಪ್ಪನ್ನೂ ಬದಲಿಸದೆ ವಿಧಿಯಿಲ್ಲ. ಭಾರತದ ಹರಳಿನ ಬೆಳೆಯಲ್ಲಿ ಸಿಂಹಪಾಲು ಗುಜರಾತಿನದು, ಅದರಲ್ಲೂ ಉತ್ತರದ ಮೆಹಸಾಣಾ, ಬನಾಸಕಾಂಠಾ ಜಿಲ್ಲೆಗಳು ಇದಕ್ಕೆ ಹೆಸರುವಾಸಿ. ಗುಜರಾತಿಯಲ್ಲಿ ಹರಳೆಣ್ಣೆಗೆ ದಿವೇಲ್ ಎನ್ನುತ್ತಾರೆ; ದಿವೇಲ್ ಕುಡಿದ ಮುಖವೆಂಬ ಅಲ್ಲಿನ ಮಾತಿಗೂ ಕನ್ನಡದ ಹರಳೆಣ್ಣೆ ಕುಡಿದ ಮುಖಕ್ಕೂ ಅರ್ಥ ಒಂದೇ, ಬ್ರೇಕ್ ಬ್ಲೀಡಿಂಗಿಗೆ ಕೂತವರ ಮುಖವನ್ನು ಬಣ್ಣಿಸಲು ಎರಡೂ ಸಲ್ಲುತ್ತವೆ.

ಬ್ಲೀಡಿಂಗ್ ಎಂದರೆ ಹಳೆಯ ದ್ರವವನ್ನೂ ಸಿಕ್ಕಿಕೊಂಡ ಗಾಳಿಯನ್ನೂ ಚಕ್ರದ ಬಳಿಯ ನಿಪ್ಪಲ್ಲಿನಿಂದ ಹೊರಹಾಕುವುದು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ಅಂದರೆ ಭಾರತದ ಕಾರುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡಚಕ್ರದಿಂದ, ಕೆಲಸ ಆರಂಭವಾಗುತ್ತದೆ. ಒಬ್ಬರು ಪೆಡಲು ತುಳಿದು ಹಿಡಿಯಬೇಕು, ಕೆಳಗೆ ಮಲಗಿದವರು ನಿಪ್ಪಲ್ ಸಡಿಲಿಸಬೇಕು. ಚಹಾದ ಡಿಕಾಕ್ಷನ್ ಬಣ್ಣದ ದ್ರವ ಪಾರದರ್ಶಕ ನಳಿಕೆಯಲ್ಲಿ ಗುಳ್ಳೆಗಳೊಡನೆ ಇಳಿಯುತ್ತದೆ. ನಿಪ್ಪಲ್ ಬಿಗಿಯಾದ ಮೇಲೆಯೇ ಪೆಡಲು ಬಿಡಬೇಕು, ಅರೆಕ್ಷಣ ಮೊದಲೇ ಕಾಲೆತ್ತಿದರೆ ಹೊರಹೋದ ಗಾಳಿ ಮರಳಿ ಒಳಗೆ. ತುಕ್ಕು ಹಿಡಿದ ನಿಪ್ಪಲ್ಲಿಗೆ ಬಲ ಹಾಕಿದರೆ ಕತ್ತು ಮುರಿಯುತ್ತದೆ, ಆಮೇಲೆ ಸಿಲಿಂಡರನ್ನೇ ಬಿಚ್ಚಬೇಕು. ಡ್ರಮ್ಮಿನೊಳಗಿನ ಧೂಳನ್ನು ಊದಲೂಬಾರದು, ಏಕೆಂದರೆ ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಕೇಡಾದ ಆಸ್ಬೆಸ್ಟಾಸ್ ಇರುತ್ತಿತ್ತು. ಎರಡು ವರ್ಷಕ್ಕೊಮ್ಮೆ ಇಷ್ಟೆಲ್ಲ ಪಟ್ಟ ಮೇಲೂ ಕಾರು ಹೊರಗಿನಿಂದ ಎಳ್ಳಷ್ಟೂ ಚೆಂದವಾಗಿ ಕಾಣುವುದಿಲ್ಲ.

ನೀರನ್ನು ಹೀರದ ಸಿಲಿಕೋನ್ ದ್ರವ ಹಾಕಿದರೆ ಕಾಟ ತಪ್ಪುವುದೆಂಬ ವಾದವಿದೆ. ಆದರೆ ಹೀರದಿರುವುದೆಂದರೆ ನೀರು ಬರುವುದಿಲ್ಲವೆಂದಲ್ಲ; ಒಳಸೇರಿದ ಹನಿ ಕರಗಿ ಹಂಚಿಹೋಗದೆ ತಗ್ಗಿನಲ್ಲಿರುವ ವೀಲ್ ಸಿಲಿಂಡರಿನಲ್ಲೇ ಕೂತು ಅಲ್ಲಿಯೇ ಕೊರೆಯುತ್ತದೆ. ಯಾವ ಊರಿನ ಹವೆಯಲ್ಲಿ ಗ್ಲೈಕಾಲ್ ದ್ರವ ಎಷ್ಟು ನೀರು ಕುಡಿಯುತ್ತದೆಂಬುದನ್ನು ಐಟಿಐ, ಪಾಲಿಟೆಕ್ನಿಕ್‌ಗಳ ವಿದ್ಯಾರ್ಥಿಗಳು ಅಗ್ಗದ ತೇವಮಾಪಕವೊಂದನ್ನು ಹಿಡಿದು ಅಳೆದು ನೋಡಲು ಅಡ್ಡಿಯಿಲ್ಲ: ಸೂರತ್, ಮಂಗಳೂರು, ವಿಜಯಪುರಗಳಲ್ಲಿ ನಿಂತ ಒಂದೇ ಮಾದರಿಯ ಕಾರುಗಳ ದ್ರವವನ್ನು ಮೃಗಶಿರ ಮಳೆಗೆ ಮುನ್ನ ಒಮ್ಮೆ, ದೀಪಾವಳಿಯ ಹೊತ್ತಿಗೆ ಇನ್ನೊಮ್ಮೆ.